ಬಾಳೆನಾರಿನ ಗಂಟು

ಹೇಳುವವರೆಲ್ಲರೂ ಈ ಕಥೆಯನ್ನು ಚಪ್ಪಲಿಗಳಿಂದಲೇ ಶುರುಮಾಡುತ್ತಾರೆ. ಕಾಪುವಿನಿಂದ ಶಿರ್ವಕ್ಕೆ ಹೋಗುವ ದಾರಿಯ ಬಲಕ್ಕೆ, ಮನೆಮನೆಯ ಅಂಗಳದಲ್ಲೂ ಮಲ್ಲಿಗೆ ಬೆಳೆಯುವ ಊರೊಂದರಲ್ಲಿ, ಎದೆಯೆತ್ತರದ ಕೆಂಪುಕಲ್ಲಿನ ಪಾಗಾರದ ಎರಡು ಮಗ್ಗುಲಿಗೆ ಅಣ್ಣತಮ್ಮಂದಿರ ಎರಡು ಮನೆಗಳಿವೆ. ಅಣ್ಣ ಆಂಟನಿಗೆ ಮಸ್ಕತ್ತಿನಲ್ಲಿ ಕೆಲಸ. ಅವನ ಮನೆಯನ್ನೂ ಅಂಗಳದ ಮಲ್ಲಿಗೆಯನ್ನೂ ಮುದಿ ಅತ್ತೆ ಆನ್ಸಿಲ್ಲಾಳನ್ನೂ ನೋಡಿಕೊಳ್ಳುವವಳು ಹೆಂಡತಿ ತೆರೆಸಾ. ತಮ್ಮ ರೊಸಾರಿಯೊ ಮಣಿಪಾಲದಲ್ಲಿ ಶಾಲಾಮಕ್ಕಳ ವ್ಯಾನು ಓಡಿಸುತ್ತಾನೆ. ಅವನ ಹೆಂಡತಿ ಎಲಿಜಬೆತ್. ತೆರೆಸಾಳ ಚಾವಡಿಯ ಬಾಗಿಲ ಬಳಿ, ಬಂದವರು ಚಪ್ಪಲಿ ಕಳಚಿಡುವ ಮೂಲೆಯೊಂದಿದೆ. ಎಲಿಜಬೆತ್ ಎರಡು ವರ್ಷ, ದಿನ ತಪ್ಪದೆ, ಆ ಮೂಲೆಯಲ್ಲಿ ಕುಳಿತು ಓರಗಿತ್ತಿಯ ಹೂ ಕಟ್ಟಿದಳು.

ಕುಳಿತದ್ದು ಬರಿಯ ನೆಲದಲ್ಲಿ ಎಂದು ಕೆಲವರು ಹೇಳುತ್ತಾರೆ. ಹಳೆಯ ಗೋಣಿಚೀಲವೊಂದಿತ್ತು ಎಂದು ಇನ್ನು ಕೆಲವರು. ಚಪ್ಪಲಿಗಳ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ.

ಅವಳ ಅಂಗಳದಲ್ಲೂ ಮೊದಲು ಮೂವತ್ತು ಗಿಡಗಳಿದ್ದವು. ಒಂದು ಮಳೆಗಾಲ ನೀರು ನಿಂತು, ಬೇರು ಕೊಳೆತು, ಮೂವತ್ತೂ ಒಂದರ ಹಿಂದೊಂದು ಒಣಗಿದವು. ಪಾಗಾರದ ಆಚೆಗೆ ತೆರೆಸಾಳ ಗಿಡಗಳು ಎತ್ತರದ ನೆಲದಲ್ಲಿದ್ದುದರಿಂದ ಉಳಿದುಕೊಂಡವು. ಗಿಡ ಹೋದರೂ ಎಲಿಜಬೆತಳ ಕೈ ಹೋಗಿರಲಿಲ್ಲ. ಮಲ್ಲಿಗೆಯ ಮೊಗ್ಗನ್ನು ಬಿಸಿಲೇರುವ ಮೊದಲು ಕೊಯ್ಯಬೇಕು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಬೇಕು, ಆ ದಿನದ ದರ ಕೂಗುವ ಕಟ್ಟೆಗೆ ಹೊತ್ತು ಮೀರುವ ಮೊದಲು ಮುಟ್ಟಿಸಬೇಕು. ತಡವಾದರೆ ಮೊಗ್ಗು ಅರಳುತ್ತದೆ. ಅರಳಿದ ಹೂವನ್ನು ಯಾರೂ ಕೊಳ್ಳುವುದಿಲ್ಲ. ಎಂಟುನೂರು ಮೊಗ್ಗಿನ ಒಂದು ಚೆಂಡನ್ನು ಎಲಿಜಬೆತ್ ಕಟ್ಟಿ ಮುಗಿಸುವಾಗ ಬೇರೆಯವರದು ಅರ್ಧವೂ ಆಗಿರುತ್ತಿರಲಿಲ್ಲ. ಅವಳ ಗಂಟು ಎಷ್ಟು ಬಿಗಿಯೆಂದರೆ, ಕಟ್ಟೆಯಲ್ಲಿ ತೆರೆಸಾಳ ಚೆಂಡುಗಳನ್ನು ಯಾರೂ ಎಣಿಸಿ ನೋಡುತ್ತಿರಲಿಲ್ಲ.

ಮೇ ತಿಂಗಳ ಒಂದು ಬೆಳಗ್ಗೆ ಉಚ್ಚಿಲದಿಂದ ಮದುವೆಯ ಕರೆ ಹೇಳಲು ನೆಂಟರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವರಲ್ಲೊಬ್ಬಾಕೆ ಎಲಿಜಬೆತಳನ್ನು ನೋಡಿ, “ಇವರು ಯಾರು, ನಿಮ್ಮ ಸಂಬಂಧದವರಾ?” ಎಂದು ಕೇಳಿದಳು.

“ಹೂ ಕಟ್ಟಲಿಕ್ಕೆ ಬರುವವಳು,” ಎಂದಳು ತೆರೆಸಾ.

ಒಳಗೆ ಜಪಸರ ಹಿಡಿದು ಕುಳಿತಿದ್ದ ಆನ್ಸಿಲ್ಲಾ ತಲೆ ಎತ್ತಿ ನೋಡಿ, ಮತ್ತೆ ಮಣಿ ಎಣಿಸತೊಡಗಿದಳು. ಎಲಿಜಬೆತ್ ಅರ್ಧ ಕಟ್ಟಿದ ಚೆಂಡನ್ನು ಬುಟ್ಟಿಯಲ್ಲಿಟ್ಟು, ನಾರಿನ ಕಟ್ಟನ್ನು ಮಡಚಿ ಕಿಟಕಿಯ ಸರಳಿಗೆ ಸಿಕ್ಕಿಸಿ, ನೆಂಟರ ಚಪ್ಪಲಿಗಳ ನಡುವಿನಿಂದ ತನ್ನದನ್ನು ಆರಿಸಿ ಮೆಟ್ಟಿಕೊಂಡು ಹೊರಟಳು. “ಹೋಗುವುದಾ? ಇನ್ನೂ ಮೂರು ಚೆಂಡಿನ ಹೂ ಉಂಟು!” ಎಂದು ತೆರೆಸಾ ಕೂಗಿದ್ದು ಉಚ್ಚಿಲದವರಿಗೂ ಕೇಳಿಸಿತು. ಆ ಮೂಲೆಯಲ್ಲಿ ಇನ್ನೊಮ್ಮೆ ಕೂರುವುದಿಲ್ಲ ಎಂದು ಎಲಿಜಬೆತ್ ನಿರ್ಧರಿಸಿದ್ದು ಪಾಗಾರ ದಾಟುವಷ್ಟರಲ್ಲಿ. ಮುಂದೆ ನಡೆದದ್ದೆಲ್ಲ ಆ ಒಂದು ನಿರ್ಧಾರವನ್ನು ಉಳಿಸಿಕೊಳ್ಳುವ ಜಗಳ.

ಎರಡು ವಾರದೊಳಗೆ ಅವಳು ತನ್ನ ಬಳೆಗಳನ್ನು ಕೊಟ್ಟು, ಪೆರ್ಡೂರಿನ ದೇಜಪ್ಪನಿಂದ ನಾಲ್ಕು ಹೆಣ್ಣಾಡು, ಒಂದು ಹೋತ ಕೊಂಡಳು. ಶಾಲೆಯ ವ್ಯಾನಿನಲ್ಲಿ ಆಡು ತರಲು ರೊಸಾರಿಯೊ ಒಪ್ಪಲಿಲ್ಲ. ಹೆಜಮಾಡಿಯ ಸ್ಯಾಮ್ಸನ್‌ನ ಮೀನಿನ ಟೆಂಪೊದಲ್ಲಿ ತಂದರು. ಹಾಗಾಗಿ ಆಡುಗಳು ಊರಿಗೆ ಇಳಿದದ್ದೇ ಬಂಗುಡೆಯ ವಾಸನೆ ಹೊತ್ತುಕೊಂಡು. ತೆರೆಸಾ ಪಾಗಾರದ ಮೇಲೆ ಮೊಣಕೈ ಊರಿ ನಿಂತಿದ್ದಳು.

“ಲಿಜ್ಜಿ, ಇದೆಂತ ಮಾರಾಯ್ತಿ?”

“ಆಡು, ಬಾಯ್. ನೀವು ಮೊದಲು ನೋಡಲಿಲ್ಲವಾ?” ಹಿರಿಯ ಓರಗಿತ್ತಿಯನ್ನು ಎಲಿಜಬೆತ್ ಅಕ್ಕ ಎನ್ನುವಂತೆ ಬಾಯ್ ಎಂದೇ ಕರೆಯುವುದು.

“ನೋಡಿದ್ದೇನೆ. ಸಾರಿನಲ್ಲಿ.”

“ಹಾಗಾದರೆ ಈಗ ಕಾಲಿನ ಮೇಲೆ ನಿಂತದ್ದನ್ನೂ ನೋಡಿ.”

“ನೋಡುವುದೆಂತ, ಮೂಸಿದರೆ ಸಾಕಲ್ವಾ!” ತೆರೆಸಾ ಮೂಗಿಗೆ ಸೆರಗು ಹಿಡಿದಳು. “ರೊಸಾರಿಯೊ, ನಾಳೆಯಿಂದ ಮಣಿಪಾಲದ ಮಕ್ಕಳಿಗೆಲ್ಲ ಹೋತದ ವಾಸನೆ ಹಂಚು ನೀನು.”

ರೊಸಾರಿಯೊ ಹಗ್ಗ ಬಿಚ್ಚುವುದರಲ್ಲೇ ಮುಳುಗಿದವನಂತೆ ತಲೆ ತಗ್ಗಿಸಿದ. ಅವನು ಕೆಟ್ಟವನಲ್ಲ, ಅತ್ತಿಗೆಯ ನಾಲಿಗೆಗೆ ಹೆದರುವವನು, ಅಷ್ಟೆ.

ಅಲ್ಲಿಂದ ಮಳೆಗಾಲವಿಡೀ ಯುದ್ಧ ನಡೆಯಿತು. ಎಲಿಜಬೆತ್ ಅಡಕೆ ಸಲಾಕೆಯ ಅಟ್ಟಣಿಗೆ ಹಾಕಿ, ನೆಲದ ತೇವ ತಾಗದಂತೆ ಕೊಟ್ಟಿಗೆ ಕಟ್ಟಿಸಿದಳು. ಹಲಸಿನ ಸೊಪ್ಪು ಹುಡುಕಿಕೊಂಡು ಕೊಡೆ ಹಿಡಿದು ಊರೆಲ್ಲ ತಿರುಗಿದಳು. ತೆರೆಸಾ ಆ ಕೊಟ್ಟಿಗೆಯ ಫೋಟೊ ತೆಗೆದು ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ “ನಮ್ಮ ಹೊಸ ನೆರೆಕರೆ” ಎಂದು ಬರೆದಳು. ಅದಕ್ಕೆ ಇಪ್ಪತ್ತಮೂರು ಮಂದಿ ನಗುವ ಮುಖ ಒತ್ತಿದರು. ಯಾರು ಯಾರು ಒತ್ತಿದರೆಂದು ಎಲಿಜಬೆತ್ ಬಹಳ ದಿನ ನೆನಪಿಟ್ಟುಕೊಂಡಳು. ಚರ್ಚಿನ ಬೆಂಚಿನಲ್ಲಿ ಅವಳು ಕುಳಿತರೆ ಪಕ್ಕದವರು ಒಂದು ಗೇಣು ಸರಿಯುತ್ತಿದ್ದರು. ಸ್ನಾನ ಮಾಡಿ, ಮಡಿ ಸೀರೆ ಉಟ್ಟು ಹೋದರೂ ಸರಿಯುತ್ತಿದ್ದರು. “ಸಾಬೂನು ಹಾಕಿದರೆ ಹೋಗುವುದಲ್ಲ ಅದು, ರಕ್ತಕ್ಕೆ ಇಳಿಯುತ್ತದೆ,” ಎಂದು ತೆರೆಸಾ ಹೇಳಿದ್ದು ಬಾವಿಕಟ್ಟೆಯಲ್ಲಿ ಎಂದು ಒಂದು ಹೇಳಿಕೆ, ಚರ್ಚಿನ ಮೆಟ್ಟಿಲಲ್ಲಿ ಎಂದು ಇನ್ನೊಂದು. ಎರಡು ಕಡೆಯೂ ಹೇಳಿರಬಹುದು.

ಜಗಳ ಎಷ್ಟೇ ಕಾವೇರಿದರೂ ತೆರೆಸಾಳ ಕೊನೆಯ ಮಾತು ಮಾತ್ರ ಬದಲಾಗುತ್ತಿರಲಿಲ್ಲ: “ಆ ಪೀಡೆಗಳನ್ನು ಮಾರಿ ಬಾ. ನಿನ್ನ ಮೂಲೆ ಖಾಲಿ ಉಂಟು.”

ಪಾಗಾರದ ಈಚೆಗಿನಿಂದ ಎಲಿಜಬೆತ್ ಇನ್ನೊಂದನ್ನೂ ಗಮನಿಸುತ್ತಿದ್ದಳು. ಮೊದಲು ಹತ್ತು ಗಂಟೆಗೆ ಹೂ ಹೊತ್ತು ಹೊರಡುತ್ತಿದ್ದ ರಿಕ್ಷಾ ಈಗ ಹನ್ನೊಂದಕ್ಕೂ ಗೇಟಿನಲ್ಲೇ ಹಾರ್ನ್ ಹೊಡೆಯುತ್ತಿತ್ತು. ತೆರೆಸಾ ಗೊತ್ತುಮಾಡಿದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಮಣಿಪಾಲದ ಹಾಸ್ಟೆಲಿನ ಅಡುಗೆಮನೆಗೆ ಸೇರಿದಳು; ಇನ್ನೊಬ್ಬಳು ಮೊಬೈಲು ನೋಡುತ್ತ ಕಟ್ಟಿದ ಚೆಂಡು ಕಟ್ಟೆಯಲ್ಲಿ ಬಿಚ್ಚಿಹೋಯಿತಂತೆ. ಹಾರ್ನಿನ ಸದ್ದು ಕೇಳಿದಾಗಲೆಲ್ಲ ಎಲಿಜಬೆತ್ ಆಡುಗಳಿಗೆ ಒಂದು ಹಿಡಿ ಸೊಪ್ಪು ಹೆಚ್ಚು ಹಾಕುತ್ತಿದ್ದಳು.

ತಪ್ಪು ಅವಳಿಂದಲೇ ಆಯಿತು, ಮತ್ತು ಹೂ ಕಟ್ಟುವವಳು ಮಾತ್ರ ಮಾಡಬಹುದಾದ ತಪ್ಪು ಅದು. ಸೆಪ್ಟೆಂಬರಿನ ಕೊನೆಯ ಭಾನುವಾರ ಕೊಟ್ಟಿಗೆಯ ಬಾಗಿಲಿನ ಕೊಂಡಿ ಕಿತ್ತು ಬಂತು. ಚರ್ಚಿನಲ್ಲಿ ಪೂಜೆಗೆ ಗಂಟೆ ಹೊಡೆದಿತ್ತು. ರೊಸಾರಿಯೊ ರಸ್ತೆಯಲ್ಲಿ ಕಾಯುತ್ತಿದ್ದ. ಅವಳ ಕೈ ತಾನಾಗಿ ಅಡುಗೆಮನೆಯ ಮೊಳೆಗೆ ಹೋಗಿ ಬಾಳೆನಾರನ್ನು ಎಳೆಯಿತು. ನಾಲ್ಕು ಸುತ್ತು ಸುತ್ತಿ, ಚೆಂಡಿಗೆ ಹಾಕುವ ಗಂಟನ್ನೇ ಹಾಕಿದಳು. ಜನ್ಮದಲ್ಲಿ ಒಮ್ಮೆಯೂ ಬಿಚ್ಚಿಹೋಗದ ಗಂಟು, ನಂಬಿ ಹೊರಟಳು.

ಆಡುಗಳು ಗಂಟನ್ನು ಬಿಚ್ಚಲಿಲ್ಲ. ತಿಂದವು.

ಎರಡೂ ಮನೆಯವರು ಪೂಜೆ ಮುಗಿಸಿ ಬರುವಾಗ, ಕಿವಿ ಹರಿದ ಹಿರಿಯ ಆಡು ಪಾಗಾರದ ನೆತ್ತಿಯ ಮೇಲೆ ನಿಂತು ದಾರಿ ನೋಡುತ್ತಿತ್ತು. ಉಳಿದ ನಾಲ್ಕು ತೆರೆಸಾಳ ಹಿತ್ತಿಲಲ್ಲಿದ್ದವು. ಅಂಗಳದ ಮುಂದಿನ ಗಿಡಗಳಿಗೆ ಬಲೆಯ ಬೇಲಿ ಇದ್ದುದರಿಂದ ಅವು ಉಳಿದವು. ಹಿತ್ತಿಲ ಪಾಗಾರದ ಬದಿಯ ಇಪ್ಪತ್ತೆರಡು ಗಿಡಗಳಲ್ಲಿ ಎಲೆ ಎಂಬುದೊಂದೂ ಉಳಿದಿರಲಿಲ್ಲ. ನೆಟ್ಟ ಕಸಬರಿಕೆಗಳ ಸಾಲಿನಂತೆ ಕಾಣುತ್ತಿದ್ದವು. ತೆರೆಸಾ ಪೂಜೆಯ ಪುಸ್ತಕವನ್ನು ಕೈಯಲ್ಲಿ ಹಿಡಿದೇ ತೆಂಗಿನ ಗರಿಯ ಬುಡದ ಕೊತ್ತಳಿಗೆ ಎತ್ತಿಕೊಂಡು ಬೀಸಿದಳು. ಹೋತ ತಪ್ಪಿಸಿಕೊಂಡಿತು, ಸಣ್ಣ ಹೆಣ್ಣಾಡಿನ ಹಿಂಗಾಲಿಗೆ ಏಟು ಬಿತ್ತು.

“ಕಾಲು ಮುರಿದರೆ ನೀವೇ ಕಟ್ಟು ಹಾಕಬೇಕು ಬಾಯ್!” ಎಲಿಜಬೆತ್ ಪಾಗಾರ ಹತ್ತಿ ಇಳಿದಳು.

“ಕಾಲಾ? ಕುತ್ತಿಗೆ ಮುರಿಯುತ್ತೇನೆ! ಇಪ್ಪತ್ತೆರಡು ಗಿಡ! ಹನ್ನೆರಡು ವರ್ಷದ ಗಿಡ! ನಿನ್ನದು ಸತ್ತಿತು ಅಂತ ನನ್ನದನ್ನೂ ಸಾಯಿಸಲಿಕ್ಕೆ ಆಡು ತಂದದ್ದಲ್ವಾ ನೀನು? ಹೇಳು, ಈ ಬಾಯಲ್ಲೇ ಹೇಳು, ಈಗಷ್ಟೇ ಪರಮಪ್ರಸಾದ ತೆಗೆದುಕೊಂಡ ಬಾಯಲ್ಲಿ!”

ಎಲಿಜಬೆತ್ ಬಾಗಿ ಆಡಿನ ಕಾಲು ಮುಟ್ಟಿ ನೋಡಿದಳು. ಕುಂಟುವ ಆಡನ್ನು ಹೆಗಲಿಗೆ ಹಾಕಿಕೊಂಡು ಹಿಂದಿರುಗಿದಳು.

ಸಂಜೆ ವಾರ್ಡಿನ ಗುರಿಕಾರ ಲಿಯೋನೆಲ್ ಬಂದ. ಚರ್ಚಿನ ಪರವಾಗಿ ಆ ಇಪ್ಪತ್ತೈದು ಮನೆಗಳ ಕಷ್ಟಸುಖ ವಿಚಾರಿಸುವವನು ಅವನು. ನಿವೃತ್ತ ಪೋಸ್ಟ್‌ಮಾಸ್ತರ, ಮಾತನ್ನು ತೂಗಿ ಆಡುವವನು. ಕುರ್ಚಿ ಹಾಕಿದ್ದು ತೆರೆಸಾಳ ಚಾವಡಿಯಲ್ಲಿ. ಎಲಿಜಬೆತ್ ಬಾಗಿಲ ಹೊರಗೆ ಅಂಗಳದಲ್ಲೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ. ಬಂದರೆ ಮೊದಲು ಸಿಗುವುದು ಆ ಮೂಲೆ.

“ಗಿಡ ಸತ್ತಿದೆ,” ಎಂದಳು ತೆರೆಸಾ. “ಇವಳು ಆಡು ಮಾರಬೇಕು. ಹೊಸ ಗಿಡ ನೆಟ್ಟು ಅದು ಹೂ ಬಿಡುವವರೆಗೆ ನನ್ನ ಮುಂದಿನ ಅಂಗಳದ ಹೂ ಕಟ್ಟಿಕೊಡಬೇಕು. ಇಲ್ಲಿಯೇ ಕೂತು.”

“ಎಲೆ ಹೋದದ್ದು, ಗಿಡ ಸಾಯಲಿಲ್ಲ,” ಎಂದಳು ಎಲಿಜಬೆತ್.

“ನೀನು ಡಾಕ್ಟರಾ?”

ಲಿಯೋನೆಲ್ ಕೈ ಎತ್ತಿ ಇಬ್ಬರನ್ನೂ ತಡೆದ. ಪ್ರತಿ ವರ್ಷ ನವೆಂಬರ್ ಎರಡರಂದು, ಮೃತರ ಸ್ಮರಣೆಯ ದಿನ, ಆ ಕುಟುಂಬದವರು ತೀರಿಹೋದ ಮಾವನ ಸಮಾಧಿಯ ಶಿಲುಬೆಗೆ ಹಿತ್ತಿಲ ಗಿಡದ ಮಲ್ಲಿಗೆಯನ್ನೇ ಹಾಕುವುದು ರೂಢಿ. ಆ ಸಾಲನ್ನು ನೆಟ್ಟವನು ಆ ಮಾವನೇ. ಅದನ್ನು ನೆನೆದು ಲಿಯೋನೆಲ್ ತೀರ್ಪು ಕೊಟ್ಟ: “ನವೆಂಬರ್ ಎರಡಕ್ಕೆ ಈ ಇಪ್ಪತ್ತೆರಡು ಗಿಡದ ಹೂವಿನ ಒಂದು ಮಾಲೆ, ಮೊಳದ್ದೋ ಗೇಣಿನದ್ದೋ, ಆ ಶಿಲುಬೆಗೆ ಬಿದ್ದರೆ ಗಿಡ ಬದುಕಿದೆ ಅಂತ. ಆಮೇಲೆ ಆಡಿನ ಸುದ್ದಿ ಯಾರೂ ಎತ್ತಬಾರದು. ಬೀಳದಿದ್ದರೆ ತೆರೆಸಾಬಾಯಿ ಹೇಳಿದ ಹಾಗೆ. ಒಪ್ಪಿಗೆಯಾ?”

“ಒಪ್ಪಿಗೆ,” ಎಂದಳು ತೆರೆಸಾ, ಅಗತ್ಯಕ್ಕಿಂತ ಬೇಗ.

ಎಲಿಜಬೆತಳ ಪರವಾಗಿ ಒಪ್ಪಿದ್ದು ರೊಸಾರಿಯೊ. ಅದಕ್ಕಾಗಿ ಅವನಿಗೆ ಮೂರು ದಿನ ಮನೆಯಲ್ಲಿ ಬರಿಯ ಗಂಜಿ.

ಒಂದು ವಾರ ಕಳೆಯಿತು, ಎರಡು ಕಳೆಯಿತು. ಎಲಿಜಬೆತ್ ಬೆಳಿಗ್ಗೆ ಎದ್ದವಳೇ ಪಾಗಾರದ ಬಳಿ ಬಂದು ಇಣುಕುತ್ತಿದ್ದಳು. ಬೋಳು ಕೊಂಬೆ; ಮರುದಿನವೂ ಅದೇ ಬೋಳು ಕೊಂಬೆ. ತೆರೆಸಾ ಒಗೆದ ಬಟ್ಟೆ ಹರವುತ್ತ, “ಎಂತ ಲಿಜ್ಜಿ, ಸತ್ತವರು ಎದ್ದು ಬರುತ್ತಾರಾ ನೋಡುವುದಾ?” ಎಂದು ಕೇಳುತ್ತಿದ್ದಳು. ರೊಸಾರಿಯೊ ಊಟಕ್ಕೆ ಕುಳಿತಾಗ ಗೋಡೆಗೆ ಹೇಳುವವನಂತೆ ಹೇಳಿದ: “ಈಗಲೇ ಮಾರಿದರೆ ಒಳ್ಳೆಯ ಗಿರಾಕಿ ಉಂಟಂತೆ, ಕಾರ್ಕಳದಲ್ಲಿ.”

“ನನ್ನನ್ನೂ ಸೇರಿಸಿ ಮಾರಿ,” ಎಂದಳು ಎಲಿಜಬೆತ್. “ಅಲ್ಲಿ ಚಪ್ಪಲಿಯ ಪಕ್ಕ ಕೂರುವುದಕ್ಕಿಂತ ಕಾರ್ಕಳದವನ ಟೆಂಪೊ ವಾಸಿ.”

ಅಕ್ಟೋಬರಿನ ಮೂರನೆಯ ವಾರ, ಸಣ್ಣ ಆಡಿನ ಕಾಲಿನ ಊತ ಇಳಿಯಲಿಲ್ಲವೆಂದು ಅವಳು ದೇಜಪ್ಪನಿಗೆ ಫೋನು ಮಾಡಿದಳು. ಪೆರ್ಡೂರಿನಿಂದ ಎರಡು ಬಸ್ಸು ಬದಲಿಸಿ ಬಂದ ಆ ಮುದುಕ ಕಾಲಿಗೆ ಎಣ್ಣೆ ನೀವಿ, ಚಹಾ ಕುಡಿದು, ಪಾಗಾರದ ಆಚೆ ನೋಡಿ ಹುಬ್ಬೇರಿಸಿದ.

“ಆ ಗಿಡಕ್ಕೆ ಎಂತ ಆಯಿತು ಬಾಯಮ್ಮ?”

“ನಿಮ್ಮ ಆಡು ತಿಂದದ್ದು, ದೇಜಪ್ಪಣ್ಣ. ಮೂರು ವಾರ ಆಯಿತು.”

“ಮೂರು ವಾರಾ? ತೊಗಟೆ ಸುಲಿದಿತ್ತಾ?”

“ಇಲ್ಲ, ಎಲೆ ಮಾತ್ರ.”

“ಹಾಗಾದರೆ ಚಿಗುರಬೇಕಿತ್ತಲ್ಲ! ಎಲೆ ಹೋದರೆ ಗಿಡಕ್ಕೆ ಕ್ಷೌರ ಮಾಡಿದ ಹಾಗೆ.” ಅವನು ಪಾಗಾರಕ್ಕೆ ಒರಗಿ, ಕೈಗೆ ಸಿಕ್ಕಿದ ಒಂದು ರೆಂಬೆಯನ್ನು ಬಗ್ಗಿಸಿ, ಕಣ್ಣ ಹತ್ತಿರ ತಂದ. ಬಳಿಕ ಕಿವಿಹರುಕ ಆಡನ್ನು ಕೊಂಬು ಹಿಡಿದು ಎಳೆದು ಅದರ ಬಾಯಿ ಅಗಲಿಸಿದ. “ಬೆರಳು ಹಾಕಿ ನೋಡಿ. ಹೆದರಬೇಡಿ. ಮೇಲೆ ಮುಂದಿನ ಹಲ್ಲು ಉಂಟಾ?”

ಅವಳ ಬೆರಳಿಗೆ ತಾಗಿದ್ದು ಗಟ್ಟಿ ಒಸಡು ಮಾತ್ರ.

“ಮೇಲೆ ಹಲ್ಲಿಲ್ಲದ್ದು ಕಚ್ಚಿ ಎಳೆಯುತ್ತದೆ. ಎಳೆದರೆ ತುದಿಯಲ್ಲಿ ನಾರು ಏಳುತ್ತದೆ. ಈ ರೆಂಬೆ ನೋಡಿ, ಕೆಳಗಿನದು ಹಳೆಯ ಗಾಯ, ನಾರು ಉಂಟು, ಒಣಗಿದೆ. ಅದರ ಪಕ್ಕ ಹೊಸ ಚಿಗುರು ಬಂದಿತ್ತು. ಅದರ ಗಾಯ ಮೊನ್ನೆಯದು, ಓರೆಯಾಗಿ, ನುಣ್ಣಗೆ ಉಂಟು.” ದೇಜಪ್ಪ ಆಡನ್ನು ಬಿಟ್ಟು ಕೈ ಒರೆಸಿಕೊಂಡ. “ಕಬ್ಬಿಣದ ಹಲ್ಲಿನ ಆಡು ನಾನು ಮಾರಲಿಲ್ಲ, ಬಾಯಮ್ಮ.”

ಅವನು ಹೋದ ಮೇಲೆ ಎಲಿಜಬೆತ್ ಪಾಗಾರದ ತುದಿಗೆ, ತೆರೆಸಾ ಕಸ ಸುರಿಯುವ ತೋಡಿಗೆ ಇಳಿದಳು. ತೆಂಗಿನ ಸಿಪ್ಪೆಯ ಕೆಳಗೆ, ಮೀನಿನ ಮುಳ್ಳಿನ ಕೆಳಗೆ, ಹಿಡಿ ಹಿಡಿ ಮಲ್ಲಿಗೆಯ ಚಿಗುರು. ಬಾಡಿದ್ದು, ಅರೆಬಾಡಿದ್ದು, ಇವತ್ತಿನದು. ಒಂದೊಂದರ ಬುಡವೂ ಓರೆಯಾಗಿ, ನುಣ್ಣಗೆ.

ಮೊದಲು ಅವಳಿಗೆ ನಂಬಿಕೆ ಬರಲಿಲ್ಲ. ಮಲ್ಲಿಗೆ ಬೆಳೆಯುವ ಹೆಂಗಸು ತನ್ನ ಗಿಡದ ಚಿಗುರನ್ನು ತಾನೇ ಕತ್ತರಿಸುತ್ತಾಳೆಯೇ? ಆಗ ಗೇಟಿನಲ್ಲಿ ರಿಕ್ಷಾ ಹಾರ್ನ್ ಹೊಡೆಯಿತು, ಹನ್ನೊಂದು ಮುಕ್ಕಾಲು. ತೋಡಿನ ಕೊಳೆಯಲ್ಲಿ ನಿಂತ ಎಲಿಜಬೆತಳಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ತೆರೆಸಾಳಿಗೆ ಇಪ್ಪತ್ತೆರಡು ಗಿಡಕ್ಕಿಂತ ಹೆಚ್ಚು ಬೇಕಾದದ್ದು ಈ ಹತ್ತು ಬೆರಳು. ಬಾ ಎಂದು ಬಾಯಿ ಬಿಟ್ಟು ಕೇಳಲಾರಳು. ಕೇಳಿದರೆ ಎಲಿಜಬೆತ್ ಓರಗಿತ್ತಿಯಾಗಿಬಿಡುತ್ತಾಳೆ. ಸೋತು ಬಂದರೆ ಮಾತ್ರ ಹೂ ಕಟ್ಟುವವಳು. ಇದು ತಿಳಿದಾಗ ಎಲಿಜಬೆತಳಿಗೆ ಕನಿಕರ ಬಂತು ಎಂದು ಯಾರೂ ಹೇಳಿಲ್ಲ. ಅವಳು ನಕ್ಕಳು ಎಂದೇ ಎಲ್ಲರ ಹೇಳಿಕೆ.

ಅವಳು ಗಂಡನಿಗೂ ಹೇಳಲಿಲ್ಲ. ದಿನವೂ ತೋಡಿಗೆ ಇಳಿದು ನೋಡಿದಳು. ಪಾಗಾರಕ್ಕೆ ಕಾಣುವ ಬದಿಯ ಚಿಗುರನ್ನು ತೆರೆಸಾ ಮೊದಲಿನಿಂದಲೂ ಕತ್ತರಿಸುತ್ತಿದ್ದಳು. ತನ್ನ ಅಡುಗೆಮನೆಯ ಕಿಟಕಿಗೆ ಮಾತ್ರ ಕಾಣುವ ಬದಿಯದನ್ನು ಕತ್ತರಿಸಲು ಅವಳಿಗೂ ಕೈ ಬಂದಿರಲಿಲ್ಲವೇನೋ. ಅಕ್ಟೋಬರಿನ ಕೊನೆಗೆ, ಲಿಯೋನೆಲ್ ಗಿಡ ನೋಡಲು ಬರುತ್ತಾನೆಂದು ಗೊತ್ತಾದ ದಿನ, ಅವೂ ತೋಡಿಗೆ ಬಿದ್ದವು. ಆ ಚಿಗುರುಗಳು ಗೇಣುದ್ದ ಬೆಳೆದಿದ್ದವು. ತುದಿಯಲ್ಲಿ ಮೂರು ಮೂರು ಮೊಗ್ಗು. ಎಲಿಜಬೆತ್ ಅವನ್ನು ಮಡಿಲಲ್ಲಿ ತುಂಬಿಕೊಂಡು ಬಂದು, ತೊಳೆದು, ಬುಡ ನೀರಿನಲ್ಲಿ ಮುಳುಗುವಂತೆ ತಾಮ್ರದ ಕೊಡಪಾನದಲ್ಲಿ ನಿಲ್ಲಿಸಿ, ಆಡುಗಳಿಗೆ ಎಟಕದ ಕಡೆ, ಯೇಸುವಿನ ಪಟದ ಕೆಳಗಿಟ್ಟಳು. ಲಿಯೋನೆಲ್ ಬಂದು ಬೋಳು ಸಾಲನ್ನು ನೋಡಿ ತಲೆಯಾಡಿಸಿ ಹೋದ. ಅವಳು ಪಾಗಾರದ ಈಚೆ ನಿಂತು ನೋಡಿದಳು.

“ಇನ್ನು ಎರಡು ದಿನ,” ಎಂದು ಕೂಗಿದಳು ತೆರೆಸಾ. “ನಾರು ನೆನೆಹಾಕಿ ಇಡುತ್ತೇನೆ!”

“ನೆನೆಯಲಿ, ಬಾಯ್.”

ನವೆಂಬರ್ ಎರಡರ ಸಂಜೆ ನಾಲ್ಕಕ್ಕೆ ಸಮಾಧಿ ಭೂಮಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರತಿ ಸಮಾಧಿಯ ಸುತ್ತ ಆಯಾ ಮನೆಯವರು, ಕೈಯಲ್ಲಿ ಮೇಣದ ಬತ್ತಿ. ಪಾದ್ರಿಗಳು ತೀರ್ಥ ಚಿಮುಕಿಸುತ್ತ ಸಾಲಿನಿಂದ ಸಾಲಿಗೆ ಬರುತ್ತಿದ್ದರು. ತೆರೆಸಾ ಮಾವನ ಶಿಲುಬೆಗೆ ಅಂಗಡಿಯ ಗೊಂಡೆಹೂವಿನ ಮಾಲೆ ಹಾಕಿ, ಪಕ್ಕದ ಸಮಾಧಿಯವರಿಗೂ ಕೇಳುವಂತೆ ಹೇಳಿದಳು: “ಕ್ಷಮಿಸಿ ಮಾಂವ್, ಈ ವರ್ಷ ಮಲ್ಲಿಗೆ ಇಲ್ಲ. ನಿಮ್ಮ ಗಿಡ ಆಡಿನ ಹೊಟ್ಟೆಯಲ್ಲಿ ಉಂಟು.”

ಎಲಿಜಬೆತ್ ಮುಂದೆ ಬಂದು ಬಾಳೆಲೆಯ ಪೊಟ್ಟಣ ಬಿಚ್ಚಿದಳು. ಗೇಣುದ್ದದ ಮಾಲೆ. ಅರ್ಧ ಮೊಗ್ಗು ಬಿಳಿ, ಅರ್ಧ ಇನ್ನೂ ಹಸಿರು. ಗಂಟು ಮಾತ್ರ ಅವಳ ಗಂಟು. ಅದನ್ನು ಗೊಂಡೆಹೂವಿನ ಮೇಲೆ ಹಾಕಿದಳು.

“ಇದು ಎಲ್ಲಿಯದು?” ತೆರೆಸಾಳ ಸ್ವರ ಒಡೆಯಿತು. “ನನ್ನ ಮುಂದಿನ ಅಂಗಳದಿಂದ ಕದ್ದದ್ದು! ಗುರಿಕಾರ್ರೇ, ನೋಡಿ, ಸಮಾಧಿಯ ಎದುರು ಕಳ್ಳತನ!”

“ಮುಂದಿನದಲ್ಲ, ಹಿತ್ತಿಲದು,” ಎಂದಳು ಎಲಿಜಬೆತ್. ಚೀಲದಿಂದ ಒಂದು ಹಿಡಿ ಚಿಗುರು ತೆಗೆದು ಲಿಯೋನೆಲ್‌ನ ಕೈಗೆ ಕೊಟ್ಟಳು. “ಎಳೆಯ ಕೊಂಬೆ, ಎಲ್ಲ ಆಡು ತಿಂದ ಮೇಲೆ ಬಂದದ್ದು. ತೋಡಿನಲ್ಲಿ ಇನ್ನೂ ಬುಟ್ಟಿಯಷ್ಟು ಉಂಟು. ತುದಿ ನೋಡಿ. ಕತ್ತರಿಯ ತುದಿ. ಆಡಿನ ಬಾಯಲ್ಲಿ ಕತ್ತರಿ ಇರುವುದಿಲ್ಲ, ಬೇಕಾದರೆ ಮನೆಗೆ ಬಂದು ಬೆರಳು ಹಾಕಿ.”

ಲಿಯೋನೆಲ್ ಕನ್ನಡಕ ಏರಿಸಿ ಚಿಗುರನ್ನು ತಿರುಗಿಸಿ ನೋಡಿದ. ತೆರೆಸಾ, “ನನ್ನ ಗಿಡವನ್ನು ನಾನೇ ಕಡಿಯಲಿಕ್ಕೆ ನನಗೆ ಹುಚ್ಚಾ?” ಎಂದಳು. ಸುತ್ತಲಿನವರಿಗೂ ಅದು ನ್ಯಾಯವಾದ ಪ್ರಶ್ನೆ ಎನಿಸಿತು.

ಆಗ ಮಾತಾಡಿದ್ದು ಆನ್ಸಿಲ್ಲಾ. ಗಂಡನ ಸಮಾಧಿಯ ಅಂಚಿನಲ್ಲಿ ಕುಳಿತಿದ್ದ ಮುದುಕಿ ಬತ್ತಿಯ ಜ್ವಾಲೆಯಿಂದ ಕಣ್ಣು ಕೀಳಲಿಲ್ಲ. “ನನ್ನ ಹೊಲಿಗೆಯ ಕತ್ತರಿ,” ಎಂದಳು. “ಒಂದು ತಿಂಗಳಿನಿಂದ ಅದರಲ್ಲಿ ಹಸಿರು ಕಲೆ. ಬಟ್ಟೆಗೆಲ್ಲ ತಾಗುತ್ತದೆ. ಮಧ್ಯಾಹ್ನ ನಾನು ಮಲಗಿದೆ ಅಂತ ತೆಗೆದುಕೊಂಡು ಹೋಗುವುದು. ಸದ್ದು ಕೇಳುತ್ತದೆ ನನಗೆ.”

“ಮಾಂಯ್!” ಎಂದು ತೆರೆಸಾ ಅತ್ತೆಯ ಕಡೆ ತಿರುಗಿದಳು.

“ಇವನು ನೆಟ್ಟ ಗಿಡ ಅದು. ಇವನ ಎದುರು ನಾನು ಸುಳ್ಳು ಹೇಳಲಿಕ್ಕಿಲ್ಲ, ಬಿಡು.”

ಪಾದ್ರಿಗಳು ಅಷ್ಟರಲ್ಲಿ ಆ ಸಾಲಿಗೆ ಬಂದರು. ಎಲ್ಲರೂ ತಲೆ ಬಾಗಿಸಿದರು. ತೀರ್ಥದ ಹನಿಗಳು ಗೊಂಡೆಹೂವಿನ ಮೇಲೂ ಮಲ್ಲಿಗೆಯ ಮೇಲೂ ತೆರೆಸಾಳ ಕೆಂಪೇರಿದ ಮುಖದ ಮೇಲೂ ಬಿದ್ದವು. ಆಶೀರ್ವಾದ ಮುಗಿದ ಮೇಲೆ ಲಿಯೋನೆಲ್ ಇಷ್ಟೇ ಹೇಳಿದ: “ಮಾಲೆ ಬಿತ್ತು. ಆಡಿನ ಸುದ್ದಿ ಮುಗಿಯಿತು.”

ಮುಗಿದದ್ದು ಆಡಿನ ಸುದ್ದಿ ಮಾತ್ರ. ಎರಡು ಮನೆಗಳ ನಡುವೆ ಬೈಗುಳವೂ ನಿಂತಿತು. ಪಾಗಾರದ ಮೇಲಿನಿಂದ ಬರುತ್ತಿದ್ದುದು ಪಾತ್ರೆ ಕುಕ್ಕುವ ಸದ್ದು ಒಂದೇ. ಕ್ರಿಸ್ಮಸ್ಸಿಗೆ ಮನೆಮನೆ ಹಂಚುವ ಕುಸ್ವಾರಿನ ತಿಂಡಿತಟ್ಟೆ ತೆರೆಸಾಳ ಮನೆಯಿಂದ ಪಕ್ಕದ ಮನೆಗೊಂದನ್ನು ಬಿಟ್ಟು ಎಲ್ಲ ಕಡೆಗೂ ಹೋಯಿತು. ಕಿವಿಹರುಕ ಆಡು ಎರಡು ಮರಿ ಹಾಕಿತು. ಕತ್ತರಿ ತಗಲದ ಇಪ್ಪತ್ತೆರಡು ಗಿಡಗಳು ತಲೆ ತುಂಬ ಹಸಿರು ಹೊದ್ದವು.

ಜನವರಿಯ ಮಧ್ಯಕ್ಕೆ ಅವು ಒಟ್ಟಿಗೆ ಬಿರಿದವು. ಹನ್ನೆರಡು ವರ್ಷದಲ್ಲಿ ಆ ಸಾಲು ಅಷ್ಟು ಹೂ ಕೊಟ್ಟದ್ದಿಲ್ಲ ಎನ್ನುತ್ತಾರೆ. ಮದುವೆಯ ಕಾಲ, ಕಟ್ಟೆಯಲ್ಲಿ ಮಲ್ಲಿಗೆಗೆ ಕೂಗಾಟ. ತೆರೆಸಾ ಒಬ್ಬಳೇ ಕೊಯ್ದಳು, ಒಬ್ಬಳೇ ಕಟ್ಟಿದಳು. ಅರ್ಧ ಕಟ್ಟುವಷ್ಟರಲ್ಲಿ ಉಳಿದರ್ಧ ಬುಟ್ಟಿಯಲ್ಲೇ ಅರಳಿತು. ಕೊಯ್ಯದೆ ಬಿಟ್ಟದ್ದು ಗಿಡದಲ್ಲೇ ಅರಳಿತು. ಆ ಘಮ ಪಾಗಾರ ಹಾರಿ ಬಂದು ಎಲಿಜಬೆತಳ ಕೊಟ್ಟಿಗೆಯನ್ನೂ ಅಡುಗೆಮನೆಯನ್ನೂ ತುಂಬಿತು. ಹೋತದ ವಾಸನೆಯೇ ಮುಳುಗಿಹೋಯಿತು. ಅವಳು ಮರಿಗಳಿಗೆ ಸೊಪ್ಪು ಕಟ್ಟುತ್ತ, ಬೆರಳು ತುರಿಸುವುದನ್ನು ತಡೆದುಕೊಂಡು, ಮೂರು ದಿನ ಸುಮ್ಮನಿದ್ದಳು.

ನಾಲ್ಕನೆಯ ದಿನ ಬೆಳಗ್ಗೆ ಏಳಕ್ಕೆ ಪಾಗಾರದ ಮೇಲೆ ಮೊಣಕೈ ಕಂಡಿತು.

“ಲಿಜ್ಜಿ.”

“ಹೇಳಿ, ಬಾಯ್.”

“ಹೂ ಉಂಟು.”

“ವಾಸನೆ ಬರುತ್ತದೆ.”

“ಕಟ್ಟುವವರು ಬೇಕು.”

“ಹೌದಾ? ಹೂ ಕಟ್ಟಲಿಕ್ಕೆ ಬರುವವಳು ಯಾರೋ ಇದ್ದಳಲ್ವಾ ನಿಮ್ಮಲ್ಲಿ.”

ತೆರೆಸಾ ಪಾಗಾರದ ಕಲ್ಲನ್ನು ಉಗುರಿನಿಂದ ಕೆರೆದಳು. ರಿಕ್ಷಾ ಬರಲು ಇನ್ನು ಮೂರೇ ಗಂಟೆ. “ಬರುತ್ತೀಯಾ ಇಲ್ಲವಾ?”

“ನಾನು ಅಲ್ಲಿಗೆ ಬರುವುದಿಲ್ಲ. ಹೂ ಇಲ್ಲಿಗೆ ಬರಲಿ. ಹೂವಿನ ಒಟ್ಟಿಗೆ ನೀವೂ ಬನ್ನಿ. ನಾರು ಸೀಳಿ ಕೊಡಲಿಕ್ಕೆ ಜನ ಬೇಕು.”

ಆಚೆಯಿಂದ ಒಂದು ಬೈಗುಳ, ಬಳಿಕ ಬಾಗಿಲು ಬಡಿದ ಸದ್ದು. ಕಾಲು ಗಂಟೆ ಏನೂ ಇಲ್ಲ. ಆಮೇಲೆ ಗೇಟು ಕಿರುಗುಟ್ಟಿತು. ತೆರೆಸಾ ಎರಡು ಬುಟ್ಟಿ ಹೊತ್ತು ಅಂಗಳಕ್ಕೆ ಬಂದಳು. ಕಂಕುಳಲ್ಲಿ ತನ್ನದೇ ಮಣೆ. ಎಲಿಜಬೆತ್ ಚಾವಡಿಯಲ್ಲಿ ಆಗಲೇ ಕುಳಿತಿದ್ದಳು. ಉಳಿದ ಜಾಗವೆಲ್ಲ ಹಲಸಿನ ಸೊಪ್ಪು. ಖಾಲಿ ಇದ್ದದ್ದು ಮರಿಗಳನ್ನು ಕಟ್ಟಿದ ಕಂಬದ ಬುಡ ಮಾತ್ರ. ತೆರೆಸಾ ಅದನ್ನು ನೋಡಿದಳು, ಎಲಿಜಬೆತಳನ್ನು ನೋಡಿದಳು, ಚಪ್ಪಲಿ ಕಳಚಿ, ಮಣೆ ಹಾಕಿ ಅಲ್ಲೇ ಕುಳಿತಳು.

ಒಬ್ಬಳು ನಾರು ಸೀಳಿದಳು, ಒಬ್ಬಳು ಕಟ್ಟಿದಳು. ಒಂದು ಚೆಂಡಾಯಿತು, ಎರಡಾಯಿತು. ಮರಿಯೊಂದು ಕುತ್ತಿಗೆ ಚಾಚಿ ತೆರೆಸಾಳ ಮಡಿಲಿನ ಬಾಳೆನಾರನ್ನು ಎಳೆಯಿತು. ಅವಳು ಅದರ ಮೂಗಿಗೆ ಒಂದು ಕೊಟ್ಟು ನಾರನ್ನು ಕಿತ್ತುಕೊಂಡಳು.

“ಹೂವಿಗೆ ಹಿಕ್ಕೆಯ ವಾಸನೆ ಹಿಡಿಯುತ್ತದೆ,” ಎಂದಳು ಕೊನೆಗೆ.

“ಕಟ್ಟೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ,” ಎಂದಳು ಎಲಿಜಬೆತ್, ಕೈ ನಿಲ್ಲಿಸದೆ. “ಗಂಟು ನೋಡುತ್ತಾರೆ. ನಾರು ಕೊಡಿ.”